ಕಪ್ಪಿ ಸರ್ ಮತ್ತು ನೀಲವ್ವನ ಹಾಲು

ಕಪ್ಪೆಯ ಗಾಯಕ್ಕೆ ಔಷಧಿ ಹಚ್ಚುವಾಗ ಕಪ್ಪಿ ಸರ್ ಸೂಜಿಯನ್ನು ತುಟಿಗಳ ನಡುವೆ ಕಚ್ಚಿ ಹಿಡಿಯುತ್ತಿದ್ದರು. ಎಡಗೈಯಲ್ಲಿ ಕಪ್ಪೆ, ಬಲಗೈಯಲ್ಲಿ ಹತ್ತಿ, ಇನ್ನು ಸೂಜಿಗೆ ಜಾಗವೆಲ್ಲಿ? ಕಪ್ಪೆಯ ಮೈಮೇಲಿನ ಕೀವುಗುಳ್ಳೆಯನ್ನು ಚುಚ್ಚಿ ಒಡೆಯುವುದು, ಸೂಜಿಯನ್ನು ಮತ್ತೆ ಬಾಯಿಗೆ ಸಿಕ್ಕಿಸುವುದು, ಹತ್ತಿಯಿಂದ ಒರೆಸುವುದು. ಇಷ್ಟೆಲ್ಲ ನಡೆಯುವಾಗಲೂ ಮಾತು ಮಾತ್ರ ನಿಲ್ಲುತ್ತಿರಲಿಲ್ಲ. ನಮ್ಮ ಹಿತ್ತಲಿಗೂ ಅವರ ಹಿತ್ತಲಿಗೂ ನಡುವೆ ಎದೆಮಟ್ಟದ ಗೋಡೆ. ಬಟ್ಟೆ ಒಣಹಾಕಲು ಹೋದಾಗೆಲ್ಲ ನಾನು ಈ ಉಪಚಾರವನ್ನು ನೋಡುತ್ತಿದ್ದೆ. ಸೂಜಿ ನುಂಗಿಬಿಟ್ಟೀರಿ ಎಂದು ಚೇಷ್ಟೆ ಮಾಡಿದರೆ, ನೌಕರಿ ಪೂರ್ತಿ ಹೀಗೇ ಹಿಡಿದಿದ್ದೇನೆ, ಒಂದನ್ನೂ ನುಂಗಿಲ್ಲ ಎಂದು ಹಲ್ಲುಗಳ ಸಂದಿನಿಂದಲೇ ಉತ್ತರ ಕೊಡುತ್ತಿದ್ದರು.

ಹೋದ ತಿಂಗಳು ಅವರು ತೀರಿಕೊಂಡರು. ರಾಣೆಬೆನ್ನೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು. ಅವರ ಕೈಯಲ್ಲಿ ಕಲಿತ ಡಾಕ್ಟರುಗಳು, ಮಾಸ್ತರುಗಳು, ಔಷಧಿ ಅಂಗಡಿಯವರು ಎಲ್ಲ ಸೇರಿ ಒಂದು ಶ್ರದ್ಧಾಂಜಲಿ ಸಭೆ ಮಾಡಿದರು. ಸರಳ ವ್ಯಕ್ತಿ, ಶಿಸ್ತಿನ ಸಿಪಾಯಿ, ವಿದ್ಯಾರ್ಥಿಗಳ ಕಣ್ಮಣಿ ಎಂದೆಲ್ಲ ಮಾತಾಡಿದರು. ಪಕ್ಕದ ಮನೆಯವಳೆಂದು ನನ್ನನ್ನೂ ಮೈಕಿನ ಮುಂದೆ ನಿಲ್ಲಿಸಿದರು. ಹೈಸ್ಕೂಲಿನಲ್ಲಿ ಗಣಿತ ಹೇಳುವವಳಿಗೆ ನಾಲ್ಕು ಮಾತಾಡುವುದು ಕಷ್ಟವಲ್ಲ. ನಾನೂ ಅಂಥವೇ ನಾಲ್ಕು ಮಾತಾಡಿ ಬಂದು ಕುಳಿತೆ. ಹೇಳಬೇಕಾದ ಮಾತು ಬೇರೆಯೇ ಇತ್ತು. ಅದನ್ನು ಹೇಳಿದ್ದರೆ ಸಭೆಯಲ್ಲಿದ್ದ ನಮ್ಮ ಓಣಿಯವರೆಲ್ಲ ಮುಖ ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುತ್ತಿದ್ದರು, ನಾನೂ ಅವರಲ್ಲೊಬ್ಬಳು.

ಊರಲ್ಲಿ ಅವರ ಹೆಸರು ಯಾರಿಗೂ ಬೇಕಿರಲಿಲ್ಲ. ಕಪ್ಪಿ ಸರ್ ಎಂದರೆ ಆಟೋದವನು ಸೀದಾ ಮನೆ ಮುಂದೆ ತಂದು ನಿಲ್ಲಿಸುತ್ತಿದ್ದ. ತರಗತಿಯಲ್ಲಿ ಕಪ್ಪೆ ಕೊಯ್ಯುವುದು ಬಂದಾದಾಗ ಪ್ರಯೋಗಶಾಲೆಯಲ್ಲಿ ಉಳಿದ ಕೆಲವು ಕಪ್ಪೆಗಳನ್ನು ಬಕೆಟ್ಟಿನಲ್ಲಿ ಮನೆಗೆ ತಂದರು. ಹಿತ್ತಲಲ್ಲಿ ಸಿಮೆಂಟಿನ ತೊಟ್ಟಿ ಕಟ್ಟಿಸಿದರು. ಇಷ್ಟು ವರ್ಷ ಕೊಯ್ದಿದ್ದೇನೆ, ಇನ್ನು ಸಾಕುತ್ತೇನೆ ಎಂಬುದು ಅವರ ಲೆಕ್ಕ. ಮೊದಲ ಮಳೆ ಬಿದ್ದ ಸಂಜೆ ಸ್ಕೂಟರ್ ತೆಗೆದುಕೊಂಡು ಮೋಟೆಬೆನ್ನೂರಿನ ಕಡೆ ಹೆದ್ದಾರಿಗೆ ಹೋಗುವರು. ಲಾರಿಯ ಗಾಲಿಗೆ ಸಿಕ್ಕು ಕಾಲು ಮುರಿದುಕೊಂಡ ಕಪ್ಪೆಗಳನ್ನು ಆರಿಸಿ ಊಟದ ಡಬ್ಬಿಯಲ್ಲಿ ಹಾಕಿಕೊಂಡು ಬರುವರು. ಆ ಡಬ್ಬಿಯಲ್ಲಿ ಮತ್ತೆ ಊಟ ಕಟ್ಟುವುದಿಲ್ಲವೆಂದು ಅವರ ಹೆಂಡತಿ ಹಟ ಹಿಡಿದಿದ್ದರು. ಬ್ಯಾಡಗಿ ಕಡೆಯ ಹೆಣ್ಣುಮಗಳು, ಖಾರದ ಮಾತು, ನಾವೆಲ್ಲ ವೈನಿ ಎಂದು ಕರೆಯುತ್ತೇವೆ. ಮನೆಯೊಳಗೆ ಇದ್ದದ್ದು ಅವರಿಬ್ಬರು, ಹಿತ್ತಲಲ್ಲಿ ಕಪ್ಪೆಗಳು.

ಅವರದೊಂದು ಮಾತಿತ್ತು. ಯಾರಾದರೂ ಬಂದು ಸರ್, ಹೀಗೊಂದು ಹುಳ ನೋಡಿದೆ, ಹೀಗೊಂದು ಹಕ್ಕಿ ನೋಡಿದೆ ಎಂದರೆ ಥಟ್ಟನೆ ಹೇಳುವರು:

"ಮೊದಲ ಪುಸ್ತಕ ನೋಡ್ರಿ. ಆಮ್ಯಾಲ ಕಣ್ಣು ನಂಬ್ರಿ."

ನಮಗೆಲ್ಲ ಅದು ಬಹಳ ದೊಡ್ಡ ಮಾತು ಅನ್ನಿಸುತ್ತಿತ್ತು. ನಾನೇ ನನ್ನ ತರಗತಿಯಲ್ಲಿ ಎಷ್ಟೋ ಸಲ ಅದನ್ನು ಬಳಸಿದ್ದೇನೆ.

ಇನ್ನು ಹಾಲಿನ ವಿಷಯ. ಹಲಗೇರಿಯ ನೀಲವ್ವ ನಮ್ಮ ಓಣಿಗೆಲ್ಲ ಹಾಲು ಹಾಕುತ್ತಿದ್ದಳು. ಮೂರು ಎಮ್ಮೆ ಕಟ್ಟಿದ್ದಳು. ಬೆಳಿಗ್ಗೆ ಮೊದಲ ಬಸ್ಸಿಗೆ ಕ್ಯಾನು ಹೇರಿಕೊಂಡು ಬಂದು, ಗೇಟಿನಲ್ಲಿ ನಿಂತು, ಹಾಲವ್ವಾ ಎಂದು ರಾಗ ಎಳೆದು ಕೂಗುವಳು. ನಾವೆಲ್ಲ ಪಾತ್ರೆ ಹಿಡಿದು ಹೊರಗೆ ಬಂದರೆ ಕಪ್ಪಿ ಸರ್ ಗ್ಲಾಸು ಹಿಡಿದು ಬರುವರು. ಅವರಿಗೆ ಹಸಿ ಹಾಲೇ ಬೇಕು. ಎತ್ತರದಿಂದ ನೊರೆ ಬರುವಂತೆ ಸುರಿಸಿಕೊಂಡು, ಕಟ್ಟೆಯ ಮೇಲೆ ನಿಂತಲ್ಲೇ ಕುಡಿದು, ಮೀಸೆ ಒರೆಸಿಕೊಳ್ಳುವರು. ಕಾಯಿಸಿದ ಹಾಲು ಸತ್ತ ಹಾಲು ಎಂದು ನಮ್ಮನ್ನೆಲ್ಲ ಗೇಲಿ ಮಾಡುವರು. ಎಮ್ಮೆ ಈದಾಗ ನೀಲವ್ವ ಗಿಣ್ಣದ ಹಾಲನ್ನು ಮನೆಮನೆಗೂ ಕೊಟ್ಟು ಹೋಗುವಳು. ಆ ಪಾತ್ರೆಯನ್ನು ಬರಿದು ಮಾಡಿ ಕೊಡಬಾರದೆಂದು ನಾವು ಬೆಲ್ಲದ ಚೂರೋ ಅಕ್ಕಿಯೋ ಹಾಕಿ ಕೊಡುವೆವು. ಅಷ್ಟು ಒಳಗಿನವಳು ಆಕೆ.

ಹೀಗಿರುವಾಗ ಸರ್‌ಗೆ ಜ್ವರ ಶುರುವಾಯಿತು. ಸಂಜೆಗೆ ಏರುವುದು, ಬೆಳಿಗ್ಗೆ ಇಳಿಯುವುದು, ಹಾಸಿಗೆಯೆಲ್ಲ ಬೆವರಿನಿಂದ ತೊಯ್ಯುವುದು. ಸೊಂಟ ನೋವು, ಮೊಣಕಾಲು ನೋವು. ಊರಿನ ಡಾಕ್ಟರು ಟೈಫಾಯ್ಡ್ ಎಂದು ಇಂಜೆಕ್ಷನ್ ಕೊಟ್ಟರು. ಹಾವೇರಿಗೆ ಹೋಗಿ ಬಂದರು. ದಪ್ಪನೆಯ ಮನುಷ್ಯ ಅಂಗಿಯೊಳಗೆ ಅಲ್ಲಾಡತೊಡಗಿದರು. ಕೊನೆಗೆ ಹುಬ್ಬಳ್ಳಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿ ಇದು ಬ್ರುಸೆಲ್ಲಾ ಎಂಬ ರೋಗಾಣುವಿನ ಜ್ವರ ಎಂದರು. ದನ, ಎಮ್ಮೆ, ಆಡುಗಳಿಂದ ಮನುಷ್ಯರಿಗೆ ಬರುವಂಥದ್ದು. ಹಸಿ ಹಾಲು ಕುಡಿಯುತ್ತೀರಾ ಎಂದು ಕೇಳಿದರು. ಇವರು ಹೌದು ಎಂದರು. ಅಲ್ಲಿಗೆ ಡಾಕ್ಟರ ವಿಚಾರಣೆಯೂ ಮುಗಿಯಿತು, ಇವರ ವಿಚಾರವೂ ಮುಗಿಯಿತು.

ಔಷಧಿ ಹಿಡಿದುಕೊಂಡು ಮನೆಗೆ ಬಂದರು. ನೋಡಲು ಹೋದ ನಮಗೆಲ್ಲ ಮಂಚದ ಮೇಲೆ ದಿಂಬಿಗೊರಗಿ ಕುಳಿತೇ ಪಾಠ ಮಾಡಿದರು. ತಾವೇ ವರ್ಷಗಟ್ಟಲೆ ಕಲಿಸಿ, ತಾವು ಮಾತ್ರ ಪಾಲಿಸದ ಪಾಠ ಅದು: ರೋಗಾಣು ಎಮ್ಮೆಯ ಕೆಚ್ಚಲಿಗೆ ಹೇಗೆ ಸೇರುತ್ತದೆ, ಹಾಲಿಗೆ ಹೇಗೆ ಇಳಿಯುತ್ತದೆ, ಮನುಷ್ಯನ ಎಲುಬಿನ ಸಂದಿಗೆ ಹೇಗೆ ಹೋಗಿ ಕೂರುತ್ತದೆ. ನೀಲವ್ವನ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ಪಾಪ, ಆಕೆಗೇನು ಗೊತ್ತು, ದನದ ಡಾಕ್ಟರಿಗೆ ತೋರಿಸಲಿ ಎಂದರು. ಆದರೆ ಓಣಿಗೆ ಕೇಳಿಸಿದ್ದು ನೀಲವ್ವನ ಹಾಲಿನಿಂದ ರೋಗ ಎಂಬುದಷ್ಟೇ. ನಾವು ಕಾಯಿಸಿ ಕುಡಿಯುವವರು, ಕಾಯಿಸಿದ ಹಾಲಿನಲ್ಲಿ ಅದು ಉಳಿಯುವುದಿಲ್ಲ ಎಂದು ಅದೇ ಪಾಠದಲ್ಲಿ ಅವರು ಹೇಳಿದ್ದರು. ಆ ಮಾತು ಯಾರ ಕಿವಿಗೂ ಬೀಳಲಿಲ್ಲ. ಆ ವಾರವೇ ಒಂದೊಂದೇ ಮನೆಯವರು ಆಕೆಗೆ ನಾಳೆಯಿಂದ ಬೇಡ ಎಂದರು. ನಮ್ಮ ಮನೆಯಲ್ಲೂ ಅಷ್ಟೇ. ಪಾಕೀಟಿನ ಹಾಲು ಬಂತು.

ನೀಲವ್ವ ಸುಮ್ಮನೆ ಕೂರಲಿಲ್ಲ. ದನದ ಡಾಕ್ಟರನ್ನು ಕರೆಸಿ ಮೂರೂ ಎಮ್ಮೆಗಳ ರಕ್ತ ತೆಗೆಸಿದಳು. ಯಾವುದರಲ್ಲೂ ಏನೂ ಇಲ್ಲ ಎಂದು ಬಂತು. ಅದನ್ನು ಹೇಳಲು ಸರ್ ಮನೆಗೆ ಓಡಿ ಬಂದಳು. ಆಗ ನಾನೂ ಅಲ್ಲೇ ಇದ್ದೆ. ಸರ್ ಕಣ್ಣು ಮುಚ್ಚಿಕೊಂಡು ಕೇಳಿದರು. ಒಂದು ಸಲದ ಪರೀಕ್ಷೆಯಲ್ಲಿ ಸಿಗದೆಯೂ ಇರಬಹುದು, ಪುಸ್ತಕದಲ್ಲಿ ಹಾಗೆಯೇ ಇದೆ, ಇನ್ನೊಮ್ಮೆ ಮಾಡಿಸು ಎಂದರು. ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಹೊರಟುಹೋದಳು. ಸುದ್ದಿ ಅಷ್ಟರಲ್ಲಿ ಹಲಗೇರಿಯನ್ನೂ ತಲುಪಿತ್ತು. ಅಲ್ಲಿಯೂ ಯಾರೂ ಹಾಲು ಕೊಳ್ಳದಾದರು. ಹಾಲು ಮಾರದೆ ಎಮ್ಮೆಗಳ ಹೊಟ್ಟೆ ತುಂಬಿಸುವುದು ಹೇಗೆ? ಚಲೋ ಹಾಲು ಕೊಡುವ ಎರಡನ್ನು ಹಾವೇರಿಯ ದನದ ಸಂತೆಗೆ ಹೊಡೆದುಕೊಂಡು ಹೋಗಿ, ಕೇಳಿದವರ ಕೈಗೆ ಕೊಟ್ಟು ಬಂದಳು. ಮುದಿ ಎಮ್ಮೆಯೊಂದು ಉಳಿಯಿತು. ತಾನು ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗತೊಡಗಿದಳು.

ಇತ್ತ ಸರ್‌ಗೆ ಜ್ವರ ಬಿಟ್ಟು ಮತ್ತೆ ಬಂತು. ಎದ್ದು ಓಡಾಡುವಂತಾದಾಗೆಲ್ಲ ಅವರು ಹಿತ್ತಲಿಗೆ ಹೋಗಿ ಕಪ್ಪೆಗಳ ಗಾಯ ತೊಳೆಯುತ್ತಿದ್ದರು, ಸೂಜಿ ಬಾಯಲ್ಲೇ. ಹುಬ್ಬಳ್ಳಿಯಲ್ಲಿ ಈ ಸಲ ಅವರ ರಕ್ತವನ್ನು ಗಾಜಿನ ತಟ್ಟೆಯಲ್ಲಿಟ್ಟು ರೋಗಾಣುವನ್ನೇ ಬೆಳೆಸಿ ನೋಡಿದರು. ಅದನ್ನು ನೋಡಿದ ಒಬ್ಬ ಹುಡುಗಿ ಡಾಕ್ಟರಿಗೆ ಅನುಮಾನ ಬಂತಂತೆ. ರೋಗಾಣು ಗುರುತಿಸುವ ಯಂತ್ರ ಅದಕ್ಕೆ ಮಣ್ಣಿನಲ್ಲಿರುವ ಬೇರಾವುದೋ ರೋಗಾಣುವಿನ ಹೆಸರು ಹೇಳಿತು. ಬ್ರುಸೆಲ್ಲಾ ನಿಧಾನಕ್ಕೆ ಬೆಳೆಯುವ ಜಾತಿ, ಇದು ಲಗುಬಗೆಯಿಂದ ಬೆಳೆದಿತ್ತು. ಬ್ರುಸೆಲ್ಲಾ ಇದ್ದಲ್ಲೇ ಇರುವಂಥದ್ದು, ಇದು ಸೂಕ್ಷ್ಮದರ್ಶಕದಡಿ ಸರಸರ ಓಡಾಡುತ್ತಿತ್ತು. ಆಕೆ ಅದನ್ನು ದೂರದ ದೊಡ್ಡ ಪ್ರಯೋಗಶಾಲೆಗೆ ಕಳಿಸಿದಳು. ಅಲ್ಲಿಂದ ಬಂದ ಉತ್ತರ: ಬ್ರುಸೆಲ್ಲಾ ಹೌದು, ಆದರೆ ದನ-ಎಮ್ಮೆಗಳದ್ದಲ್ಲ. ಮಾಮೂಲಿಗಿಂತ ಬೇರೆಯಾದ ಇಂಥವು ಕಪ್ಪೆಗಳಲ್ಲಿ ಸಿಕ್ಕಿವೆ. ಆ ಡಾಕ್ಟರು ಸರ್‌ಗೆ ಫೋನ್ ಮಾಡಿ, ನಿಮ್ಮ ಮನೆಯಲ್ಲಿ ಕಪ್ಪೆ ಏನಾದರೂ ಸಾಕಿದ್ದೀರಾ ಎಂದು ಕೇಳಿದಳು.

ನಾನು ಬಟ್ಟೆ ತೆಗೆಯಲು ಹಿತ್ತಲಿಗೆ ಬಂದಾಗ ಅವರು ತೊಟ್ಟಿಯ ಪಕ್ಕದ ಕಲ್ಲಿನ ಮೇಲೆ ಕುಳಿತಿದ್ದರು. ಫೋನು ಕೈಯಲ್ಲೇ ಇತ್ತು. ಏನಾಯಿತು ಸರ್ ಎಂದೆ. ಮುಖ ಎತ್ತದೆ ಹೇಳಿದರು:

"ಅದು ಈಜಾಡ್ತೈತಂತ್ರಿ ಅಕ್ಕಾರ. ಹಾಲಿಂದು ಈಜಾಡಂಗಿಲ್ಲ."

ನನಗೆ ತಲೆಬುಡ ತಿಳಿಯಲಿಲ್ಲ. ಅವರು ಬಿಡಿಸಿ ಹೇಳಿದರು. ಹೇಳುತ್ತಾ ಹೇಳುತ್ತಾ ತಮ್ಮ ತುಟಿಯನ್ನು ಬೆರಳಿನಿಂದ ಮುಟ್ಟಿಕೊಂಡರು. ಹುಬ್ಬಳ್ಳಿಯವರು ಬಂದು ಕಪ್ಪೆಗಳ ಕೀವನ್ನೂ ತೊಟ್ಟಿಯ ನೀರನ್ನೂ ತೆಗೆದುಕೊಂಡು ಹೋದರು. ಎರಡರಲ್ಲೂ ಅದೇ ರೋಗಾಣು ಇತ್ತು. ಈ ಕಪ್ಪೆಗಳನ್ನು ಕೆರೆಗೋ ಬಾವಿಗೋ ಬಿಟ್ಟರೆ ಅಲ್ಲಿಯೂ ಹರಡೀತು, ಬಿಡಬೇಡಿ ಎಂದು ಹೇಳಿಹೋದರು. ಸರ್ ಅವುಗಳನ್ನು ತಾವೇ ಔಷಧಿ ಹಾಕಿ ಮಲಗಿಸಿದರು, ಗುಂಡಿ ತೋಡಿಸಿ ಸುಣ್ಣ ಹಾಕಿ ಮುಚ್ಚಿಸಿದರು. ಆ ದಿನ ಅವರ ಕೈಯಲ್ಲಿ ಮೊದಲ ಸಲ ರಬ್ಬರ್ ಕೈಗವಸು ನೋಡಿದೆ. ಸಾಕಿದ ಪ್ರಾಣಿಗಳಿಗಾಗಿ ಅಳುತ್ತಾರೇನೋ ಅಂದುಕೊಂಡಿದ್ದೆ. ಅಳಲಿಲ್ಲ. ಕೈ ತೊಳೆದು, ಅಂಗಿ ಬದಲಿಸಿ, ಛತ್ರಿಯನ್ನು ಕೋಲಿನಂತೆ ಊರಿಕೊಂಡು ಓಣಿಗೆ ಇಳಿದರು.

ಓಣಿಯ ಒಂದು ಮನೆಯನ್ನೂ ಬಿಡಲಿಲ್ಲ. ಮೊಣಕಾಲು ಮಡಚಲು ಬಾರದ ಮನುಷ್ಯ ಪ್ರತಿ ಗೇಟಿನ ಮುಂದೆ ನಿಂತು, ಒಳಗೆ ಬನ್ನಿ ಎಂದರೂ ಬರದೆ, ತನ್ನ ರೋಗ ನೀಲವ್ವನ ಹಾಲಿನದಲ್ಲ, ತನ್ನ ಹಿತ್ತಲಿನದು, ತಪ್ಪು ಹೇಳಿಬಿಟ್ಟೆ ಎಂದು ಹೇಳಿದರು. ಮಾತಾಡುವಾಗ ಕಿವಿಯ ತುದಿ ಕೆಂಪಾಗುತ್ತಿತ್ತು. ಅಷ್ಟೆಲ್ಲ ಮಂದಿಗೆ ಪಾಠ ಹೇಳಿದವರು ಅಷ್ಟು ತಗ್ಗಿದ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನಾವೇನು ಮಾಡಿದೆವು? ಅಯ್ಯೋ ಹೌದೇನ್ರಿ ಸರ್ ಎಂದೆವು. ಅವರು ಮುಂದಿನ ಗೇಟಿಗೆ ಹೋದ ಮೇಲೆ ನಕ್ಕೆವು. ಕಪ್ಪೆಯಿಂದ ರೋಗ ಬರುವುದೆಂದರೇನು, ವಯಸ್ಸಾಯಿತು, ಜ್ವರ ತಲೆಗೇರಿದೆ ಎಂದೆವು. ಹಾಲಿನಿಂದ ಎಂದಾಗ ತಟ್ಟನೆ ನಂಬಿದ ನಾವು, ಹಾಲಿನಿಂದಲ್ಲ ಎಂದಾಗ ನಂಬಲು ನೂರೆಂಟು ತಕರಾರು ತೆಗೆದೆವು. ಇದನ್ನು ಬರೆಯುವಾಗ ನನಗೆ ನನ್ನ ಮೇಲೆಯೇ ಹೇಸಿಗೆಯಾಗುತ್ತಿದೆ.

ಆಮೇಲೆ ಬ್ಯಾಡಗಿಗೆ ಹೋಗಬೇಕೆಂದು ಹಟ ಹಿಡಿದರು. ಹಲಗೇರಿಯ ಮನೆಗೆ ಸಂಜೆ ಹೋದರೆ ನೀಲವ್ವ ಸಿಗುತ್ತಾಳೆ, ಬ್ಯಾಡಗಿಯವರೆಗೆ ಯಾಕೆ ಎಂದು ವೈನಿ ಬೈದರು. ಒಳಗೆ ಕರೆದು ಹೇಳಿದರೆ ಏನು ಬಂತು, ನಾಲ್ಕು ಮಂದಿಯ ಮುಂದೆ ಹೇಳಬೇಕು ಎಂಬುದು ಅವರ ವಾದ. ವೈನಿ ನನ್ನನ್ನೂ ಜೊತೆಗೆ ಎಳೆದುಕೊಂಡರು. ಮೆಣಸಿನಕಾಯಿಯ ಆ ದೊಡ್ಡ ಶೆಡ್ಡಿನೊಳಗೆ ಕಾಲಿಡುತ್ತಲೇ ಮೂವರಿಗೂ ಸೀನು ಹತ್ತಿತು. ಕೆಂಪು ರಾಶಿಗಳ ಸುತ್ತ ಹೆಣ್ಣುಮಕ್ಕಳು ಮೂಗಿಗೆ ಸೆರಗು ಕಟ್ಟಿಕೊಂಡು ಕುಳಿತಿದ್ದರು. ನೀಲವ್ವನೂ ಮುಖ ಕಟ್ಟಿಕೊಂಡಿದ್ದಳು, ಕಣ್ಣು ನೋಡಿಯೇ ಗುರುತು ಹಿಡಿಯಬೇಕಾಯಿತು. ಸರ್ ಆಕೆಯ ಎದುರಿಗೆ ನಿಂತು ಕೈ ಮುಗಿದರು. ಸುತ್ತಲಿನವರೆಲ್ಲ ತಿರುಗಿ ನೋಡಿದರು.

"ನನ್ನ ರೋಗ ನಿನ್ನ ಹಾಲಿಂದಲ್ಲ ನೀಲವ್ವ. ನಮ್ಮ ಹಿತ್ತಲದ ಕಪ್ಪಿಯಿಂದ ಬಂದೈತಿ. ನಾ ತಪ್ಪು ಹೇಳಿ ನಿನ್ನ ಹೆಸರು ಕೆಡಿಸೇನಿ. ಇವರೆಲ್ಲಾ ಕೇಳ್ಲಿ ಅಂತ ಇಲ್ಲೇ ಬಂದು ಹೇಳಾಕತ್ತೇನಿ."

ನೀಲವ್ವನ ಬೆರಳುಗಳು ತೊಟ್ಟು ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ನನಗ ಮೊದಲ ಗೊತ್ತಿತ್ತಲ್ರಿ ಸರ. ಈ ಮಾತು ನನ್ನ ಎಮ್ಮಿ ಕೇಳಬೇಕಿತ್ತು. ಅವು ಯಾರ ಕೈಯಾಗ ಅದಾವೋ ಏನೋ."

ಅಷ್ಟು ಹೇಳಿ ತಲೆಯೆತ್ತಿ, ಈಗ ಜ್ವರ ಬಿಟ್ಟಿದೆಯಾ ಎಂದು ಕೇಳಿದಳು. ಬೈದಿದ್ದರೆ ಸರ್ ತಡೆದುಕೊಳ್ಳುತ್ತಿದ್ದರು. ಜ್ವರ ಕೇಳಿದ್ದಕ್ಕೆ ಅವರಿಗೆ ನಿಲ್ಲಲಾಗಲಿಲ್ಲ. ವೈನಿ ರಟ್ಟೆ ಹಿಡಿದು ಹೊರಗೆ ಕರೆತಂದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಖಾರಕ್ಕೆ ಎಂದು ನಾವಿಬ್ಬರೂ ಒಪ್ಪಿಕೊಂಡೆವು.

ಎಮ್ಮೆ ಕೊಡಿಸುತ್ತೇನೆ ಎಂದು ಅವರು ಆಮೇಲೊಮ್ಮೆ ಹೇಳಿಕಳಿಸಿದ್ದರು. ಎಮ್ಮೆ ಕಟ್ಟಿ ಏನು ಮಾಡಲಿ, ಹಾಲು ತೆಗೆದುಕೊಳ್ಳುವವರು ಯಾರಿದ್ದಾರೆ ಎಂದು ನೀಲವ್ವ ತಿರುಗಿ ಹೇಳಿಕಳಿಸಿದಳು. ಅದು ಸರ್‌ಗೆ ನಾಟಿತು. ಆಕೆಗೆ ಬೇಕಿರುವುದು ಎಮ್ಮೆಯಲ್ಲ, ನಮ್ಮ ಪಾತ್ರೆಗಳು. ಮತ್ತೆ ಓಣಿಗೆ ಇಳಿದರು. ಈ ಸಲ ಒಂದೇ ಪ್ರಶ್ನೆ: ಆಕೆ ಮತ್ತೆ ಬಂದರೆ ಹಾಲು ತೆಗೆದುಕೊಳ್ಳುತ್ತೀರಾ? ಎಲ್ಲರೂ ನೋಡೋಣ ಸರ್ ಎಂದೆವು. ಇಲ್ಲ ಎಂದಿದ್ದರೆ ಜಗಳವಾದರೂ ಆಗುತ್ತಿತ್ತು. ನೋಡೋಣ ಎಂಬ ಮಾತಿಗೆ ಅವರಾದರೂ ಏನು ಮಾಡಿಯಾರು? ಅಂದಿನಿಂದ ಅವರು ಯಾರ ಮನೆಗೆ ಹೋದರೂ ಹಾಲು ಹಾಕಿದ ಚಹಾ ಮುಟ್ಟಲಿಲ್ಲ. ನೀಲವ್ವನ ಹಾಲು ಓಣಿಗೆ ಬಂದ ದಿನ ಕುಡಿಯುತ್ತೇನೆ ಎಂದು ನಯವಾಗಿಯೇ ಹೇಳಿ ಕಪ್ಪನ್ನು ಹಿಂದಕ್ಕೆ ಸರಿಸುವರು. ನಮಗೆ ಅದು ದಂಡ ಹಾಕಿದಂತಾಗುತ್ತಿತ್ತು. ಹಾಗಾಗಿ ಅವರನ್ನು ಕರೆಯುವುದನ್ನೇ ಕಡಿಮೆ ಮಾಡಿದೆವು. ನಾಗರ ಪಂಚಮಿಗೆ ನಾನು ಉಂಡಿಯನ್ನು ಗೋಡೆಯ ಮೇಲಿಂದಲೇ ವೈನಿಯ ಕೈಗೆ ದಾಟಿಸಿದೆ.

ಔಷಧಿಯಿಂದ ಜ್ವರವೇನೋ ಬಿಟ್ಟಿತು. ಆದರೆ ಅಷ್ಟರಲ್ಲಿ ಅದು ಹೃದಯದ ಕವಾಟಕ್ಕೆ ಕೈ ಹಾಕಿತ್ತು. ಹೋದ ತಿಂಗಳು ಒಂದು ಮಧ್ಯಾಹ್ನ, ಊಟ ಮಾಡಿ ಒರಗಿದವರು ಏಳಲಿಲ್ಲ.

ಮೂರನೆಯ ದಿನ ಮಣ್ಣು ಮಾಡಿದ ಜಾಗಕ್ಕೆ ಹಾಲು-ತುಪ್ಪ ಬಿಡಲು ಹೊರಟಿದ್ದೆವು. ವೈನಿಯ ಮನೆಯಂಗಳದಲ್ಲಿ ಓಣಿಯೆಲ್ಲ ಸೇರಿತ್ತು. ಪಾಕೀಟಿನ ಹಾಲನ್ನು ತಂಬಿಗೆಗೆ ಸುರಿಯುವಷ್ಟರಲ್ಲಿ ನೀಲವ್ವ ಬಂದಳು. ತಲೆಯ ಮೇಲೆ ಸೆರಗು, ಕೈಯಲ್ಲಿ ಮುಚ್ಚಿದ ಸಣ್ಣ ಕ್ಯಾನು. ಆ ಮುದಿ ಎಮ್ಮೆ ಈದು ಒಂದಷ್ಟು ದಿನವಾಗಿತ್ತಂತೆ. ವೈನಿ ಪಾಕೀಟನ್ನು ಪಕ್ಕಕ್ಕಿಟ್ಟು ಆಕೆಯ ಹಾಲನ್ನು ತಂಬಿಗೆಗೆ ಹಾಕಿಸಿಕೊಂಡರು. ನಾವೆಲ್ಲ ಸಾಲಾಗಿ ನಿಂತು ಒಬ್ಬೊಬ್ಬರೇ ಅದೇ ಹಾಲನ್ನು ಮಣ್ಣಿನ ಮೇಲೆ ಬಿಟ್ಟೆವು. ಯಾರಿಗೂ ಕೈ ಅಳುಕಲಿಲ್ಲ, ಸತ್ತವರಿಗೆ ರೋಗದ ಭಯವಿಲ್ಲವಲ್ಲ.

ಮನೆಗೆ ತಿರುಗಿ ಬಂದ ಮೇಲೆ ಉಳಿದ ಹಾಲಿನಲ್ಲಿ ವೈನಿ ಎಲ್ಲರಿಗೂ ಚಹಾ ಮಾಡಿದರು. ಕುದಿಕುದಿಯುವ ಚಹಾ. ಒಬ್ಬರಿಗೆ ಅಸಿಡಿಟಿ, ಒಬ್ಬರಿಗೆ ಈಗಷ್ಟೇ ಆಗಿದೆ, ಒಬ್ಬರು ಗ್ಲಾಸು ಹಿಡಿದು ಫೋನಿನಲ್ಲಿ ಮಾತಾಡುತ್ತಾ ಹೊರಗೆ ಹೋದರು. ನನ್ನ ಗಂಡ ತನ್ನ ಗ್ಲಾಸನ್ನು ಕುರ್ಚಿಯ ಕೆಳಗಿಟ್ಟ. ನಾನು ಕುಡಿದೆ. ಚಹಾ ಚೆನ್ನಾಗಿತ್ತು. ಮಾಡಬೇಕಾಗಿದ್ದದ್ದು ಇಷ್ಟೇ ಆಗಿತ್ತು, ಇದನ್ನು ಅವರು ಬದುಕಿದ್ದಾಗ ಅವರ ಎದುರಿಗೆ ಕುಳಿತು ಮಾಡಬಹುದಿತ್ತು. ಗ್ಲಾಸುಗಳನ್ನು ಎತ್ತಲು ಬಂದವಳು ನೀಲವ್ವ. ತುಂಬಿದ್ದವನ್ನೂ ಬರಿದಾದವನ್ನೂ ಒಂದೇ ರೀತಿ ನೋಡುತ್ತಾ ಬಚ್ಚಲಿಗೆ ಒಯ್ದಳು. ಹೋಗುವಾಗ ವೈನಿಯನ್ನು ಮಾತ್ರ ಕೇಳಿದಳು, ನಾಳೆ ತರಲೇ ಎಂದು. ವೈನಿ ತಾ ಎಂದರು.

ಈಗ ದಿನಾ ಬೆಳಿಗ್ಗೆ ಆಕೆ ಪಕ್ಕದ ಮನೆಗೆ ಬರುತ್ತಾಳೆ. ಕೂಗುವುದಿಲ್ಲ, ಗೇಟಿನ ಚಿಲಕ ಬಡಿಯುತ್ತಾಳೆ. ಆ ಸದ್ದಿಗೆ ನಾನು ಪಾತ್ರೆ ಹಿಡಿದು ನಮ್ಮ ಬಾಗಿಲಿನವರೆಗೆ ಬರುತ್ತೇನೆ. ಆಕೆ ಒಮ್ಮೆ ಈ ಕಡೆ ನೋಡಿದರೆ ಸಾಕು, ನಮಗೂ ಹಾಕು ಎಂದುಬಿಡುತ್ತೇನೆ ಅಂದುಕೊಳ್ಳುತ್ತೇನೆ. ಆಕೆ ನೋಡುವುದಿಲ್ಲ. ಯಾಕೆ ನೋಡಬೇಕು? ಬೇಡ ಎಂದವರು ನಾವು, ಕರೆಯಬೇಕಾದವರೂ ನಾವೇ. ಇವತ್ತೂ ಆಕೆ ವೈನಿಗೆ ಹಾಲು ಹಾಕಿ, ನಮ್ಮ ಗೇಟಿನ ಮುಂದಿನಿಂದಲೇ ನಡೆದು ಬಸ್ಸಿಗೆ ಹೋದಳು. ನಾನು ಬಾಗಿಲ ಹಿಂದೆ ನಿಂತಿದ್ದೆ. ಕೂಗಿದರೆ ಓಣಿಗೆಲ್ಲ ಕೇಳಿಸುತ್ತದೆ ಎಂದು ನನಗೆ ಇನ್ನೂ ನಾಚಿಕೆ.